ಕೊಬ್ಬಿನ ಕೋಶ ಕಡಿಮೆಯಾದರೆ ಒಳ್ಳೆಯದೇ?

ಮಾನ್ಯ ಸಂಪಾದಕರೇ,

ಮೈಕ್ರೋ ಆರ್‌ಎನ್‌ಎ ಬಗ್ಗೆ ಸುದ್ದಿ ಬಂದಾಗಲೆಲ್ಲ 'ಬೊಜ್ಜಿನ ಸ್ವಿಚ್ ಸಿಕ್ಕಿತು' ಅನ್ನುವ ಧಾಟಿಯಲ್ಲೇ ಇರುತ್ತದೆ. ಹೊಸ ಕೊಬ್ಬಿನ ಕೋಶ ಹುಟ್ಟದಂತೆ ತಡೆದರೆ ಸಾಕು, ಬೊಜ್ಜು ಹೋಯಿತು ಅನ್ನುವ ಅರ್ಥ ಅದರಲ್ಲಿ. ಇದು ತಪ್ಪು, ಓದುಗರನ್ನು ದಾರಿ ತಪ್ಪಿಸುತ್ತದೆ.

ಮೈಕ್ರೋ ಆರ್‌ಎನ್‌ಎ ಅನ್ನು 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಕಂಡುಕೊಂಡವರು ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್, 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದು ಅಂದರೆ ಸುಮಾರು 22 ಜೈವಿಕ ಅಕ್ಷರ ಉದ್ದದ ಆರ್‌ಎನ್‌ಎ ತುಣುಕು, ಅಷ್ಟೇ. ಪ್ರೋಟೀನ್ ತಯಾರಿಗೆ ಹೊರಟ ಸಂದೇಶದ ಆರ್‌ಎನ್‌ಎಗೆ ಅಂಟಿಕೊಂಡು ಆ ತಯಾರಿಯನ್ನು ತಗ್ಗಿಸುತ್ತದೆ. ಮೂಳೆಯೂ ಆಗಬಲ್ಲ, ಕೊಬ್ಬೂ ಆಗಬಲ್ಲ ಕಾಂಡಕೋಶವೊಂದು ಕೊಬ್ಬಿನ ಕೋಶವಾಗಿ ಬಲಿಯಲು ಪಿಪಾರ್-ಗಾಮಾ ಅನ್ನುವ ಪ್ರೋಟೀನ್ ಬೇಕೇ ಬೇಕು. ಮಿರ್-27, ಮಿರ್-130 ಅನ್ನುವ ಮೈಕ್ರೋ ಆರ್‌ಎನ್‌ಎಗಳು ನೇರವಾಗಿ ಅದರ ಸಂದೇಶಕ್ಕೇ ಕೈ ಹಾಕುತ್ತವೆ, ಕೋಶ ಬಲಿಯುವುದು ನಿಧಾನವಾಗುತ್ತದೆ. ಮಿರ್-143 ಇದಕ್ಕೆ ಉಲ್ಟಾ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಎಳೆಯ ಕೋಶಗಳಲ್ಲಿ ಅದನ್ನು ತಡೆದಾಗ ಅವು ಸರಿಯಾಗಿ ಕೊಬ್ಬು ತುಂಬಿಕೊಳ್ಳಲೇ ಇಲ್ಲ.

ಹಾಗಾದರೆ ಮಿರ್-143 ಅನ್ನು ತಡೆದುಬಿಟ್ಟರಾಯಿತು ಅಲ್ವಾ ಅನ್ನಿಸಬಹುದು. ಅಷ್ಟು ಸುಲಭ ಇಲ್ಲ. ಹೊಸ ಕೋಶ ಹುಟ್ಟದಿದ್ದರೆ ಜಾಸ್ತಿಯಾದ ಕೊಬ್ಬು ಎಲ್ಲಿಗೆ ಹೋಗಬೇಕು? ಇದ್ದ ಕೋಶಗಳೇ ಊದಿಕೊಳ್ಳುತ್ತವೆ, ಅಲ್ಲೂ ಜಾಗ ಸಾಲದಾದಾಗ ಕೊಬ್ಬು ಲಿವರ್‌ಗೆ, ಸ್ನಾಯುಗಳಿಗೆ ಹೋಗಿ ಸೇರುತ್ತದೆ, ಇನ್ಸುಲಿನ್ ಮಾತು ದೇಹ ಕೇಳುವುದು ಕಡಿಮೆಯಾಗುತ್ತದೆ. ಹುಟ್ಟಿನಿಂದಲೇ ಕೊಬ್ಬಿನ ಕೋಶ ತೀರಾ ಕಡಿಮೆ ಇರುವವರನ್ನು ನೋಡಿ. ಮೈ ತೆಳ್ಳಗೆ, ಆದರೆ ಡಯಾಬಿಟಿಸ್ ಜೋರು. ಇನ್ನೊಂದು ಕಡೆ, ಪಯೊಗ್ಲಿಟಜೋನ್ ಅನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ಕೆಲಸ ಮಾಡುವುದೇ ಪಿಪಾರ್-ಗಾಮಾವನ್ನು ಎಬ್ಬಿಸಿ. ತೂಕ ಸ್ವಲ್ಪ ಏರುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ! ನನಗಂತೂ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ, ಆದರೆ ಪತ್ರಿಕೆಗಳಲ್ಲಿ ಇದು ಕಾಣುವುದು ಅಪರೂಪ.

ಮೇಲಾಗಿ ಒಂದು ಮೈಕ್ರೋ ಆರ್‌ಎನ್‌ಎ ಒಂದೇ ಜೀನಿನ ಮೇಲೆ ಕೂತಿರುವುದಿಲ್ಲ, ನೂರಾರು ಜೀನುಗಳನ್ನು ಮುಟ್ಟುತ್ತದೆ. ಕೊಬ್ಬಿನ ಕೋಶ ಹುಟ್ಟುವುದನ್ನು ತಗ್ಗಿಸುವ ಲೆಟ್-7 ಅನ್ನುವ ಮೈಕ್ರೋ ಆರ್‌ಎನ್‌ಎ ಕ್ಯಾನ್ಸರ್ ಬೆಳವಣಿಗೆಗೂ ಅಡ್ಡ ನಿಲ್ಲುತ್ತದೆ. ಇಂಥದ್ದನ್ನು ಸುಮ್ನೆ ಏರಿಸಿ ಇಳಿಸಿ ಆಡಲು ಆಗುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು: ಇಂಥ ಸುದ್ದಿ ಹಾಕುವಾಗ ಪ್ರಯೋಗ ನಡೆದದ್ದು ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲೋ, ಇಲಿಗಳಲ್ಲೋ, ಮನುಷ್ಯರಲ್ಲೋ ಅನ್ನುವುದನ್ನು ಮೊದಲ ಸಾಲುಗಳಲ್ಲೇ ಬರೆಯಿರಿ. ಕೋಶ ಕಡಿಮೆಯಾದ ಮೇಲೆ ಆ ಕೊಬ್ಬು ಎಲ್ಲಿಗೆ ಹೋಯಿತು ಅಂತಲೂ ಸಂಶೋಧಕರನ್ನು ಕೇಳಿ.

ಇಂತಿ,
ನಿಮ್ಮ ಓದುಗ