ಫ್ಲಾಟ್ ಪೆಡಲ್ ಶೂ ಎಂದು ಬಂದದ್ದು ಕ್ಲಿಪ್ ಶೂ: ಹಣ ವಾಪಸ್ ಕೋರಿ ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಆನ್‌ಲೈನ್ ಸೈಕಲ್ ಸಾಮಾನು ಮಳಿಗೆ

ಇವರಿಂದ,
ನಿಮ್ಮ ಗ್ರಾಹಕ, ಚಿತ್ರದುರ್ಗ

ವಿಷಯ: ಚಳಿಗಾಲದ ವಾಟರ್‌ಪ್ರೂಫ್ ಶೂ ಬಗ್ಗೆ ತಪ್ಪು ಮಾಹಿತಿ ಕೊಟ್ಟು ಮಾರಿದ್ದು, ವಾಪಸ್ ಪಡೆಯಲು ನಿರಾಕರಿಸಿದ್ದು.

ಮಾನ್ಯರೇ,

ನಿಮ್ಮಿಂದ 11,499 ರೂಪಾಯಿ ಕೊಟ್ಟು ಒಂದು ಜೊತೆ ಶೂ ತರಿಸಿಕೊಂಡಿದ್ದೇನೆ. ನಿಮ್ಮ ಪುಟದಲ್ಲಿ ಅದರ ಹೆಸರಿನ ಕೆಳಗೆ ಮೂರು ಮಾತು ದಪ್ಪ ಅಕ್ಷರದಲ್ಲಿವೆ: ಚಳಿಗಾಲಕ್ಕೆ, ವಾಟರ್‌ಪ್ರೂಫ್, ಮೌಂಟನ್ ಬೈಕಿನ ಫ್ಲಾಟ್ ಪೆಡಲ್‌ಗೆ. ಮೂರೂ ಸುಳ್ಳು. ಸಿಟ್ಟಿಗೆ ಹೇಳುತ್ತಿಲ್ಲ, ಶೂ ತಳ ಬಿಚ್ಚಿ ನೋಡಿ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಕಸ್ಟಮರ್ ಕೇರ್‌ನವರ ಒಂದು ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. "ಸರ್, ಚಿತ್ರದುರ್ಗದಲ್ಲಿ ಹಿಮ ಬೀಳುತ್ತಾ?" ಎಂದು ಫೋನಿನಲ್ಲಿ ಕೇಳಿದರು. ಇಲ್ಲ, ಬೀಳಲ್ಲ. ನಮ್ಮದು ಬಯಲುಸೀಮೆ, ಮಳೆಗೇ ಕಾಯುವ ಊರು. ಆದರೆ ಹಿಂಗಾರು ಮುಗಿದು ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಜೋಗಿಮಟ್ಟಿ ಗುಡ್ಡಗಳ ಕಡೆಯ ಗಾಳಿಗೆ ಒಮ್ಮೆ ಸೈಕಲ್ ತುಳಿದು ನೋಡಿ. ಆ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ. ಹುಲ್ಲಿನ ತುಂಬ ಇಬ್ಬನಿ, ಹಳ್ಳದಲ್ಲಿ ಉಳಿದ ನೀರು. ಕಾಲು ಒದ್ದೆಯಾಯಿತೋ, ಬಿಸಿಲು ಏರುವವರೆಗೂ ಬೆರಳು ಜೋಮು ಹಿಡಿದೇ ಇರುತ್ತವೆ. ಅಲ್ಲದೆ ಈ ಶೂ ಬೇಕಾಗಿದ್ದು ಇಲ್ಲಿಗೊಂದೇ ಅಲ್ಲ. ಜನವರಿಯಲ್ಲಿ ಗೆಳೆಯರ ಜೊತೆ ಮನಾಲಿ ಕಡೆ ಸೈಕಲ್ ತಗೊಂಡು ಹೋಗುವ ಏರ್ಪಾಡಿದೆ. ಅಲ್ಲಿ ಆ ತಿಂಗಳು ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಒದ್ದೆ ಕಾಲು ಅಲ್ಲಿ ತಮಾಷೆ ಮಾತಲ್ಲ. ಇದನ್ನೆಲ್ಲ ದುಡ್ಡು ಕಟ್ಟುವ ಮುಂಚೆಯೇ ಚಾಟ್‌ನಲ್ಲಿ ಬರೆದು ಕೇಳಿದ್ದೆ. "ಫ್ಲಾಟ್ ಪೆಡಲ್‌ಗೇ ಮಾಡಿದ್ದು ಸರ್, ನೀರು ಒಳಗೆ ಹೋಗಲ್ಲ" ಎಂದು ನಿಮ್ಮವರು ಬರೆದರು. ಸ್ಕ್ರೀನ್‌ಶಾಟ್ ಜೊತೆಗಿದೆ.

ಇನ್ನು ಶೂ ವಿಷಯ. ನಿಮ್ಮಲ್ಲಿ ಈ ದೂರು ನೋಡುವವರು ಫ್ಲಾಟ್ ಪೆಡಲ್ ತುಳಿದಿರಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಲಿಪ್ ಪೆಡಲ್ ಆದರೆ ಶೂ ತಳಕ್ಕೆ ಬೋಲ್ಟ್ ಹಾಕಿ ಕೂರಿಸಿದ ಲೋಹದ ಕ್ಲೀಟ್ ಪೆಡಲನ್ನು ಕಚ್ಚಿಕೊಳ್ಳುತ್ತದೆ. ಆಗ ಸೋಲ್ ಎಷ್ಟು ಗಟ್ಟಿಯಿದ್ದರೂ ನಡೆಯುತ್ತದೆ. ಫ್ಲಾಟ್ ಪೆಡಲ್‌ನಲ್ಲಿ ಕಾಲನ್ನು ಹಿಡಿದಿಡುವ ಕೊಕ್ಕೆ ಯಾವುದೂ ಇಲ್ಲ. ಪೆಡಲ್ ಮೇಲೆ ಸಣ್ಣ ಸಣ್ಣ ಲೋಹದ ಪಿನ್ನುಗಳಿರುತ್ತವೆ, ಅವು ಶೂ ತಳದ ರಬ್ಬರಿಗೆ ನಾಟಿಕೊಳ್ಳಬೇಕು, ಅಷ್ಟೇ. ಅದಕ್ಕೆ ರಬ್ಬರ್ ಮೆತ್ತಗಿರಬೇಕು, ತಳ ಚಪ್ಪಟೆ ಇರಬೇಕು. ಟ್ರೆಕ್ಕಿಂಗ್ ಬೂಟಿನ ಹಾಗೆ ದೊಡ್ಡ ಹಲ್ಲುಗಳಿದ್ದರೆ ಪಿನ್ನು ಹಲ್ಲಿನ ಸಂದಿಗೆ ಬಿದ್ದು ಹಿಡಿತವೇ ಸಿಗಲ್ಲ. ಚಳಿಗೆ ರಬ್ಬರ್ ಬಿರುಸಾಗುತ್ತದೆ, ಹಾಗಾಗಿ ಚಳಿಗಾಲದ ಶೂನಲ್ಲಿ ಇದು ಇನ್ನೂ ಮುಖ್ಯ.

ಈ ಥರದ ರಬ್ಬರ್ ಬಂದದ್ದೇ ಬಂಡೆ ಹತ್ತುವವರ ಶೂನಿಂದ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಫೈವ್ ಟೆನ್ ಕಂಪನಿ ಬಂಡೆ ಹತ್ತಲು ಮಾಡಿದ ರಬ್ಬರನ್ನೇ ಆಮೇಲೆ ಸೈಕಲ್ ಶೂಗೂ ಹಾಕಿತು. 2011ರಲ್ಲಿ ಅಡಿಡಾಸ್ ಅದನ್ನು ಕೊಂಡುಕೊಂಡಿತು. ಕೋಟೆ ಗೋಡೆಯನ್ನು ಕೋತಿರಾಜ್ ಹಗ್ಗವಿಲ್ಲದೆ ಹತ್ತುವುದನ್ನು ಕಣ್ಣಾರೆ ಕಂಡ ಊರು ನಮ್ಮದು. ಹಿಡಿತ ಅಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀವು ಕಳಿಸಿದ ಶೂ ತಳವನ್ನು ಹೆಬ್ಬೆರಳ ಉಗುರಿನಿಂದ ಒತ್ತಿದರೆ ಒಂಚೂರೂ ತಗ್ಗುವುದಿಲ್ಲ. ಪ್ಲಾಸ್ಟಿಕ್ ಮುಟ್ಟಿದ ಹಾಗೆ. ಹಲ್ಲುಗಳ ನಡುವೆ ಪಿನ್ನು ಆರಾಮಾಗಿ ಓಡಾಡುತ್ತದೆ. ಕಲ್ಲು ದಾರಿಯ ಇಳಿಜಾರಿನಲ್ಲಿ ಬಲಗಾಲು ಪೆಡಲ್ ಬಿಟ್ಟು ಮುಂದಕ್ಕೆ ಜಾರಿತು. ಪೆಡಲ್ ಗಿರ್ ಎಂದು ತಿರುಗಿ ಬಂದು ಮೊಣಕಾಲ ಕೆಳಗಿನ ಮೂಳೆಗೆ ಬಡಿಯಿತು. ಗಾಯದ ಫೋಟೋ ಕಳಿಸುತ್ತಿಲ್ಲ, ನೋಡುವಂಥದ್ದಲ್ಲ.

ಮನೆಗೆ ಬಂದು ಶೂ ಬಿಚ್ಚಿದರೆ ಸಾಕ್ಸ್ ಒದ್ದೆ. ಅದೂ ಬೆರಳ ಬುಡದ ಕೆಳಗೆ ಮಾತ್ರ, ಮೇಲ್ಭಾಗ ಒಣಗಿದಂತೆಯೇ ಇತ್ತು. ಇದನ್ನು ಬರೆದು ಕಳಿಸಿದಾಗ ನಿಮ್ಮ ಉತ್ತರ: "ಅದು ಬೆವರು, ವಾಟರ್‌ಪ್ರೂಫ್ ಶೂನಲ್ಲಿ ಸಹಜ."

ಬೆವರಿನ ಮಾತು ಪೂರ್ತಿ ಸುಳ್ಳಲ್ಲ. ವಾಟರ್‌ಪ್ರೂಫ್ ಪದರದ ರಂಧ್ರಗಳು ನೀರಿನ ಹನಿಗಿಂತ ಎಷ್ಟೋ ಸಣ್ಣವು, ಬೆವರಿನ ಆವಿ ಮಾತ್ರ ಅದರಲ್ಲಿ ತೂರಿ ಹೋಗುತ್ತದೆ. ಮೇಲಿನ ಬಟ್ಟೆ ನೆನೆದು ಭಾರವಾದರೆ ಆವಿಗೂ ದಾರಿ ಕಟ್ಟುತ್ತದೆ, ಕಾಲು ಹಸಿಹಸಿ ಅನಿಸುತ್ತದೆ. ಆದರೆ ಬೆವರು ಒಂದೇ ಜಾಗ ಹುಡುಕಿಕೊಂಡು ಹೋಗಿ ಕೂರುತ್ತದಾ? ಹಾಗಾಗಿ ಶೂ ಒಣಗಿಸಿ, ಇನ್‌ಸೋಲ್ ತೆಗೆದು, ಒಳಗೆ ನ್ಯೂಸ್‌ಪೇಪರ್ ಹಾಸಿ, ಬಟ್ಟೆ ನೆನೆಸುವ ಟಬ್ಬಿನಲ್ಲಿ ಎರಡು ಬೆರಳಷ್ಟು ನೀರು ಹಾಕಿ ಅದರಲ್ಲಿಟ್ಟೆ. ಮೇಲೆ ಭಾರಕ್ಕೆ ಕಲ್ಲು. ನ್ಯೂಸ್‌ಪೇಪರ್‌ಗೆ ಬೆವರು ಬರಲ್ಲ, ಅಲ್ವಾ? ಸ್ವಲ್ಪ ಹೊತ್ತಿಗೆ ಪೇಪರಿನ ಮೇಲೆ ಎರಡು ಒದ್ದೆ ಗೆರೆಗಳು ಮೂಡಿದವು. ಅಕ್ಕಪಕ್ಕ, ಒಂದೇ ಉದ್ದ. ಹೆಬ್ಬೆರಳ ಕಡೆ ಒಣ, ಹಿಮ್ಮಡಿ ಕಡೆ ಒಣ, ನಾಲಿಗೆ ಹೊಲಿಗೆಯೂ ಒಣ. ಎರಡೂ ಶೂನಲ್ಲಿ ಒಂದೇ ಚಿತ್ರ.

ಆಗ ಶೂ ಮಗುಚಿ ನೋಡಿದೆ. ತಳದಲ್ಲಿ, ಬೆರಳ ಬುಡದ ಕೆಳಗೆ, ಮೊಟ್ಟೆಯಾಕಾರದ ಒಂದು ರಬ್ಬರ್ ತುಂಡು, ಅದಕ್ಕೆ ಎರಡು ಬೋಲ್ಟ್. ಬೋಲ್ಟಿನ ತಲೆಯಲ್ಲಿ ಮಣ್ಣು ತುಂಬಿದ್ದರಿಂದ ಅಲ್ಲಿ ಬೋಲ್ಟ್ ಇದೆ ಎಂದೂ ಗೊತ್ತಾಗುತ್ತಿರಲಿಲ್ಲ. ಸೈಕಲ್ಲಿನ 4 ಎಂಎಂ ಆಲನ್ ಕೀ ಸರಿಯಾಗಿ ಕೂತಿತು. ಬಿಚ್ಚಿದರೆ ಕೆಳಗೆ ಎರಡು ಉದ್ದನೆಯ ಸೀಳು, ಅದರ ಹಿಂದೆ ಬೋಲ್ಟ್ ತಿರುಗಿಸಿ ಕೂರಿಸುವ ಮರೆಗಳಿರುವ (ಥ್ರೆಡ್) ಲೋಹದ ತಗಡು. ಇದು ಕ್ಲೀಟ್ ಕೂರಿಸುವ ಜಾಗ! ಅಂದರೆ ನೀವು ಕಳಿಸಿದ್ದು ಕ್ಲಿಪ್ ಪೆಡಲ್ ಶೂ. ತೂತಿನ ಮೇಲೆ ರಬ್ಬರ್ ಮುಚ್ಚಿ ಫ್ಲಾಟ್ ಪೆಡಲ್ ಶೂ ಎಂದು ಹೆಸರಿಟ್ಟಿದ್ದೀರಿ. ಮುಚ್ಚಳದ ಸುತ್ತ ವಾಷರ್ ಇಲ್ಲ, ಅಂಟಿಲ್ಲ, ಏನೂ ಇಲ್ಲ. ಪೇಪರಿನ ಮೇಲೆ ಮೂಡಿದ ಗೆರೆಗಳು ಈ ಸೀಳುಗಳದ್ದೇ ಅಚ್ಚು. ಸೋಲ್ ಗಟ್ಟಿ ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಇನ್ನು ಚಳಿಗಾಲದ ಮಾತು: ಬೆರಳ ಬುಡದ ಕೆಳಗೆ ಲೋಹದ ತಗಡು ಇಟ್ಟರೆ ಅದು ಕಾಲಿನ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಕ್ಲಿಪ್ ಶೂ ಹಾಕುವವರು ಚಳಿಗಾಲದಲ್ಲಿ ಗೊಣಗುವುದೇ ಇದಕ್ಕೆ.

ಗಾಂಧಿ ಸರ್ಕಲ್ ಹತ್ತಿರ ಶೂ ರಿಪೇರಿ ಮಾಡುವವರಿಗೆ ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿ, "ತೂತು ಮೊದಲೇ ಐತಲ್ಲ ಸಾರ್, ಮೇಲೆ ತೇಪೆ ಹಾಕ್ಯಾರೆ" ಎಂದರು. ನಿಮ್ಮ ಗುಣಮಟ್ಟ ಪರೀಕ್ಷೆಯವರಿಗೆ ಇದು ಕಾಣಲಿಲ್ಲ ಎಂದರೆ ನಂಬುವುದು ಕಷ್ಟ.

ಇದನ್ನೆಲ್ಲ ಫೋಟೋ ಸಮೇತ ಕಳಿಸಿದ ಮೇಲೂ ಬಂದದ್ದು ಎರಡೇ ಉತ್ತರ. ಒಂದು, ಬಳಸಿದ ಮಾಲು ವಾಪಸ್ ತಗೊಳ್ಳಲ್ಲ. ಇನ್ನೊಂದು, ಮುಂದಿನ ಖರೀದಿಗೆ ಕೂಪನ್. ಶೂ ಕಾಲಿಗೆ ಹಾಕದೆ ನೀರು ಬರುತ್ತಾ ಇಲ್ವಾ ಎಂದು ಹೇಗೆ ನೋಡುವುದು? ಬೋಲ್ಟ್ ಬಿಚ್ಚಿದ್ದಕ್ಕೆ ವಾರಂಟಿ ಹೋಯಿತು ಎಂದು ಹೊಸದಾಗಿ ಶುರು ಮಾಡಬೇಡಿ. ಅದು ಬಿಚ್ಚಲೆಂದೇ ಇರುವ ಬೋಲ್ಟ್, ಹಾಗೇ ವಾಪಸ್ ಹಾಕಿಟ್ಟಿದ್ದೇನೆ.

2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಎನ್ನುವ ಹಾಗಿಲ್ಲ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ದೂರು ಕೊಡಬಹುದು. ನಿಮ್ಮ ಊರಿಗೆ ನಾನು ಅಲೆಯಬೇಕಾಗಿಲ್ಲ, ನಿಮ್ಮ ವಕೀಲರು ಇಲ್ಲಿಗೆ ಬರಬೇಕಾಗುತ್ತದೆ.

ನನಗೆ ಬೇಕಾದದ್ದು ಇಷ್ಟು. ಪೂರ್ತಿ 11,499 ರೂಪಾಯಿ ದುಡ್ಡು ಕಟ್ಟಿದ ಖಾತೆಗೇ ವಾಪಸ್ ಬರಬೇಕು, ಕೂಪನ್ ಬೇಡ. ಅದೇ ಮಾದರಿಯ ಬೇರೆ ಜೊತೆಯೂ ಬೇಡ, ಅದರಲ್ಲೂ ಇದೇ ತೂತು ಇರುತ್ತದೆ. ಶೂ ಒಯ್ಯುವ ಖರ್ಚು ನಿಮ್ಮದು. ನಿಮ್ಮ ಪುಟದಿಂದ ಫ್ಲಾಟ್ ಪೆಡಲ್, ವಾಟರ್‌ಪ್ರೂಫ್ ಎರಡೂ ಮಾತು ತೆಗೆಯಿರಿ, ತಳದ ಫೋಟೋ ಹಾಕಿ. ಈಗ ಅಲ್ಲಿರುವ ಫೋಟೋಗಳೆಲ್ಲ ಮೇಲಿನಿಂದ ತೆಗೆದವು, ತಳ ಎಲ್ಲೂ ಕಾಣಲ್ಲ.

ಬಿಲ್, ಚಾಟ್ ಸ್ಕ್ರೀನ್‌ಶಾಟ್, ಟಬ್ಬಿನ ಪರೀಕ್ಷೆಯ ವಿಡಿಯೋ, ತಳ ಬಿಚ್ಚಿದ ಫೋಟೋಗಳು ಇದರ ಜೊತೆಗಿವೆ. ಶೂ ಒಣಗಿಸಿ ಡಬ್ಬಿಯಲ್ಲಿ ಕಟ್ಟಿಟ್ಟಿದ್ದೇನೆ. ಕೊರಿಯರ್‌ನವರನ್ನು ಸಂಜೆ ಆರರ ಮೇಲೆ ಕಳಿಸಿ, ಹಗಲು ಮನೆಯಲ್ಲಿ ಯಾರೂ ಇರಲ್ಲ.

ಇಂತಿ,
ನಿಮ್ಮ ಗ್ರಾಹಕ
ಚಿತ್ರದುರ್ಗ