ವಿದೇಶದಲ್ಲಿ ಬ್ರೆಡ್ಡು, ಬಾಳೆಹಣ್ಣೇ ಗತಿಯಲ್ಲ

ಮಾನ್ಯರೇ,

ಕಾಫಿ ವಹಿವಾಟು, ಸಾಫ್ಟ್‌ವೇರ್, ಯಂತ್ರಗಳ ರಿಪೇರಿ ಎಂದು ಚಿಕ್ಕಮಗಳೂರು, ಹಾಸನದ ಕಡೆಯಿಂದ ಸಿಂಗಪುರ, ಬ್ಯಾಂಕಾಕ್‌ಗೆ ವಾರ, ಹದಿನೈದು ದಿನದ ಮಟ್ಟಿಗೆ ಹೋಗಿಬರುವವರಿದ್ದಾರೆ. ಅವರಲ್ಲಿ ಅನೇಕರು ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ತುಂಬಿಕೊಂಡು ಹೋಗಿ ಹೋಟೆಲ್ ಕೋಣೆಯಲ್ಲೇ ಬಿಸಿನೀರು ಹುಯ್ದುಕೊಂಡು ಊಟ ಮುಗಿಸುತ್ತಾರೆ. ಇಲ್ಲವೇ ದಿನಾ ಸಂಜೆ ಲಿಟಲ್ ಇಂಡಿಯಾಕ್ಕೆ ಹೋಗಿ ದೋಸೆ ತಿಂದು ಬರುತ್ತಾರೆ. ಇದರ ಅಗತ್ಯವಿಲ್ಲ. ಅಲ್ಲಿನ ಹಾಕರ್ ಸೆಂಟರ್‌ಗಳಲ್ಲಿ (ಒಂದೇ ಸೂರಿನಡಿ ಸಾಲಾಗಿರುವ ಸಣ್ಣ ಊಟದ ಅಂಗಡಿಗಳು) ಸಸ್ಯಾಹಾರಿಗಳೂ ಹೊಟ್ಟೆ ತುಂಬ, ರುಚಿಯಾಗಿ ಉಣ್ಣಬಹುದು. ಸಿಂಗಪುರದ ಈ ಊಟದ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯವರೆಗೆ ಹೋಗಿ ಅದರ ರುಚಿ ನೋಡದೆ ಬರುವುದು ನಿಜಕ್ಕೂ ನಷ್ಟ.

ತಪ್ಪುವುದು ಕೇಳುವ ರೀತಿಯಲ್ಲಿ. ‘ಮಾಂಸ ಬೇಡ’ ಎಂದರೆ ಅಂಗಡಿಯವರು ತುಂಡುಗಳನ್ನು ಮಾತ್ರ ಬಿಡುತ್ತಾರೆ. ಸಾರು ಕೋಳಿಯದ್ದೋ ಹಂದಿಯದ್ದೋ ಒಣಮೀನಿನದ್ದೋ ಆಗಿಯೇ ಇರುತ್ತದೆ. ಸೊಪ್ಪಿನ ಪಲ್ಯಕ್ಕೆ ಆಯ್ಸ್ಟರ್ (ಸಿಂಪಿ ಎಂಬ ಕಡಲಜೀವಿ) ಸಾಸ್ ಬಿದ್ದಿರುತ್ತದೆ. ಕೆಂಪಗೆ ನಮ್ಮ ಮೆಣಸಿನಕಾಯಿ ಚಟ್ನಿಯಂತೆಯೇ ಕಾಣುವ ಸಂಬಾಲ್‌ನಲ್ಲಿ ಸಾಮಾನ್ಯವಾಗಿ ಬೆಲಚಾನ್ ಎಂಬ ಸೀಗಡಿ ಪೇಸ್ಟ್ ಇರುತ್ತದೆ. ಚಿಕನ್ ರೈಸ್ ಅಂಗಡಿಯಲ್ಲಿ ‘ಬರೀ ಅನ್ನ ಕೊಡಿ’ ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಅನ್ನ ಬೇಯುವುದೇ ಕೋಳಿಯ ಕೊಬ್ಬು ಮತ್ತು ಸಾರಿನಲ್ಲಿ. ಅದರ ಘಮ ಅಲ್ಲಿಂದಲೇ ಬಂದದ್ದು. (ಕೋಳಿ ತಿನ್ನುವವರಿಗೆ ಒಂದು ಮಾತು: ಮೂಳೆಯ ಹತ್ತಿರ ಮಾಂಸ ಸ್ವಲ್ಪ ಗುಲಾಬಿ ಬಣ್ಣಕ್ಕಿದ್ದರೆ ಬೆಂದಿಲ್ಲವೆಂದೇ ಅರ್ಥವಲ್ಲ. ಇಡೀ ಕೋಳಿಯನ್ನು ಕೊತಕೊತ ಕುದಿಸದೆ ಸಣ್ಣ ಉರಿಯ ಬಿಸಿನೀರಿನಲ್ಲಿ ಬೇಯಿಸಿ, ತಕ್ಷಣ ಮಂಜುಗಡ್ಡೆಯ ನೀರಿಗೆ ಹಾಕುವುದು ಆ ಅಡುಗೆಯ ಕ್ರಮ. ತೊಗಲು ಜೆಲ್ಲಿಯಂತಾಗುವುದೂ ಅದರಿಂದಲೇ.)

ಸಸ್ಯಾಹಾರಿಗಳು ಹುಡುಕಬೇಕಾದದ್ದು ‘ವೆಜಿಟೇರಿಯನ್ ಬೀ ಹೂನ್’ ಅಂಗಡಿ. ಬೀ ಹೂನ್ ಎಂದರೆ ಅಕ್ಕಿಯ ಶ್ಯಾವಿಗೆ. ನಮ್ಮ ಒತ್ತು ಶ್ಯಾವಿಗೆಗಿಂತ ತೆಳು, ಒಣಗಿಸಿದ್ದನ್ನು ನೆನೆಸಿ ಸೋಯಾ ಸಾಸ್‌ನಲ್ಲಿ ಹುರಿದಿರುತ್ತಾರೆ. ಜೊತೆಗೆ ಬೆಂದ ಎಲೆಕೋಸು, ಗರಿಗರಿಯಾದ ಸೋಯಾ ಹಾಲಿನ ಕೆನೆಹಾಳೆ, ಮಾಂಸದ ಚೂರಿನಂತೆಯೇ ಕಾಣುವ ಕೆಂಪು ತುಂಡುಗಳು. ಅದನ್ನು ಕಂಡು ಗಾಬರಿಯಾಗಬೇಡಿ, ಗೋಧಿಯ ಅಂಟು ಮತ್ತು ಸೋಯಾದಿಂದ ಮಾಡಿದ್ದು. ಬೌದ್ಧ ಪದ್ಧತಿಯ ಅಂಗಡಿಯಾದರೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮೊಟ್ಟೆಯ ವಿಚಾರ ಮಾತ್ರ ಬೇರೆಯಾಗಿ ಕೇಳಿಕೊಳ್ಳಿ. ಈ ಅಂಗಡಿಗಳು ಹೆಚ್ಚಾಗಿ ಬೆಳಗಿನ ವ್ಯಾಪಾರದವು, ಮಧ್ಯಾಹ್ನ ತಡವಾದರೆ ಪಾತ್ರೆ ಖಾಲಿ. ಚೀನೀ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಅಲ್ಲಿನ ಬಹಳ ಜನ ಮಾಂಸ ಬಿಡುತ್ತಾರೆ. ಆ ದಿನ ಬೇಗ ಹೋಗಿ ಸಾಲಿನಲ್ಲಿ ನಿಲ್ಲಿ.

ಮೇಜಿನ ಮೇಲೆ ಟಿಶ್ಯೂ ಪೊಟ್ಟಣವೊಂದು ಇದ್ದರೆ ಅದು ಯಾರೋ ಹಿಡಿದಿಟ್ಟ ಜಾಗ. ಬಸ್ಸಿನ ಸೀಟಿಗೆ ನಾವು ಟವೆಲ್ ಹಾಕಿದ ಹಾಗೆ. ಊಟವಾದ ಮೇಲೆ ತಟ್ಟೆ ನೀವೇ ಒಯ್ದಿಡಬೇಕು. 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರ್‌ಗಳಲ್ಲಿ ಇದು ಕಡ್ಡಾಯ. ಹಲಾಲ್ ತಟ್ಟೆಗೆ ಬೇರೆ ಕಪಾಟು ಇರುತ್ತದೆ, ಫಲಕ ಓದಿ ಇಡಿ. ಪಾರ್ಸೆಲ್ ಕಟ್ಟಿಸಿಕೊಂಡರೆ ಮೆಟ್ರೊದಲ್ಲಿ ಬಿಚ್ಚಿ ತಿನ್ನಬೇಡಿ, ದಂಡ ಬೀಳುತ್ತದೆ.

ಕಾಫಿ ನಾಡಿನವರಿಗೆ ಅಲ್ಲಿನ ‘ಕೋಪಿ’ ಬೇರೆಯೇ ಪಾನೀಯವೆನಿಸುತ್ತದೆ. ಹೆಚ್ಚಾಗಿ ರೊಬಸ್ಟಾ ಬೀಜ. ಅದನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಗೆ ಹುರಿದು, ಉದ್ದನೆಯ ಬಟ್ಟೆ ಚೀಲದಲ್ಲಿ ಸೋಸುತ್ತಾರೆ. ಸುಮ್ಮನೆ ‘ಕೋಪಿ’ ಎಂದರೆ ಕಂಡೆನ್ಸ್ಡ್ ಮಿಲ್ಕ್ ಎಂಬ ತುಂಬ ಸಿಹಿಯಾದ ಗಟ್ಟಿ ಹಾಲು ಹಾಕಿ ಕೊಡುತ್ತಾರೆ, ನಮ್ಮ ಬಾಯಿಗೆ ಪಾಯಸ. ‘ಕೋಪಿ ಸಿ ಕೊಸೊಂಗ್’ ಎಂದರೆ ಸಿಹಿಯಿಲ್ಲದ ಗಟ್ಟಿ ಹಾಲಿನದ್ದು, ಸಕ್ಕರೆ ಇಲ್ಲ. ‘ಕೋಪಿ ಓ ಕೊಸೊಂಗ್’ ಎಂದರೆ ಬರೀ ಡಿಕಾಕ್ಷನ್.

ಬ್ಯಾಂಕಾಕ್‌ನಲ್ಲಿ ಕಷ್ಟ ಹೆಚ್ಚು, ಏಕೆಂದರೆ ಅಲ್ಲಿ ಉಪ್ಪಿನ ಜಾಗದಲ್ಲೇ ಮೀನಿನ ಸಾಸ್. ಹಳದಿ ಬಾವುಟದಲ್ಲಿ ಕೆಂಪಗೆ, ಥೇಟ್ 17ರಂತೆ ಕಾಣುವ ಥಾಯ್ ಅಕ್ಷರ ಹುಡುಕಿ. ಅದು ‘ಜೇ’: ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಯಾವುದೂ ಇಲ್ಲ. ಮಾಲ್‌ಗಳ ಫುಡ್‌ಕೋರ್ಟ್‌ಗಳಲ್ಲಿ ಹಲವು ಕಡೆ ಮೊದಲು ಹಣ ಕಟ್ಟಿ ಕಾರ್ಡ್ ಪಡೆಯಬೇಕು. ಹೊರಡುವ ಮುನ್ನ ಉಳಿದ ಹಣ ವಾಪಸ್ ಕೇಳಿ ಪಡೆಯಿರಿ. ವಿಯೆಟ್ನಾಂ ಆದರೆ ‘ಚಾಯ್’ ಎಂಬ ಫಲಕ ನೋಡಿ. ಅದು ಸಸ್ಯಾಹಾರ, ಟೀ ಅಲ್ಲ.

ಇಲ್ಲಿಂದ ಹುಡುಗರನ್ನು ಕಳಿಸುವ ಕಂಪನಿಗಳಲ್ಲಿ ಒಂದು ವಿನಂತಿ. ಟಿಕೆಟ್, ವೀಸಾದ ಜೊತೆಗೆ ಒಂದು ಚೀಟಿಯನ್ನೂ ಕೊಡಿ: ‘ನಾನು ಮಾಂಸ, ಮೀನು, ಸೀಗಡಿ, ಮೊಟ್ಟೆ ತಿನ್ನುವುದಿಲ್ಲ, ಸಾರು, ಸಾಸ್‌ನಲ್ಲೂ ಅವು ಬೇಡ’ ಎಂದು ಚೀನೀ, ಥಾಯ್, ವಿಯೆಟ್ನಾಮೀ ಭಾಷೆಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಅದನ್ನು ಫೋನಿನಲ್ಲಿ ತೋರಿಸಬಹುದು, ಆದರೆ ಹಬೆಯಾಡುವ ಬಾಣಲೆಯ ಮುಂದೆ ನಿಂತವರಿಗೆ ಕಾಗದವೇ ಬೇಗ ಕಾಣುತ್ತದೆ.

– ಕಾಫಿ ವಹಿವಾಟಿನಲ್ಲಿರುವ ಓದುಗರು, ಚಿಕ್ಕಮಗಳೂರು