ಅಂತರ್ಯುದ್ಧದ ಚರ್ಚೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಅಮೆರಿಕದ ಅಂತರ್ಯುದ್ಧದ (ಅಲ್ಲಿನ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಯುದ್ಧ) ಮಾತು ಜಾಸ್ತಿಯೇ ಬಿಸಿಯಾಯಿತು, ಅಲ್ವಾ? ಅಮೆರಿಕದ ದಕ್ಷಿಣದವರೆಲ್ಲ ಗುಗ್ಗುಗಳು ಎನ್ನುವ ಮೀಮ್‌ಗಳು ದಯವಿಟ್ಟು ಬೇಡ. ಜಾರ್ಜಿಯಾ, ಅಲಬಾಮಾದಲ್ಲಿ ಮನೆ ಮಾಡಿಕೊಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ. ಇರುವ ಊರಿನ ಮೇಲೆ ಅಭಿಮಾನ ಇರಲಿ, ಯಾರು ಬೇಡ ಅಂದರು?

ಆದರೆ ಯುದ್ಧ ನಡೆದದ್ದು ಬರೀ ರಾಜ್ಯಗಳ ಹಕ್ಕಿಗೆ, ಸುಂಕಕ್ಕೆ ಅಂತ ಸುಮ್ನೆ ಬರೆಯಬೇಡಿ. 1861ರಲ್ಲಿ ಅಮೆರಿಕದ ಒಕ್ಕೂಟ ಬಿಟ್ಟಾಗ ದಕ್ಷಿಣದ ಮಿಸಿಸಿಪ್ಪಿ ರಾಜ್ಯ ಹೊರಡಿಸಿದ ಘೋಷಣೆ ಓದಿ. ತಮ್ಮ ನಿಲುವಿಗೂ ಗುಲಾಮಗಿರಿಗೂ ಇರುವ ನಂಟನ್ನು ಅವರೇ ಶುರುವಿನಲ್ಲೇ ಹೇಳಿಕೊಂಡಿದ್ದಾರೆ. ಉತ್ತರದವರೂ ಸಾಚಾ ಅಲ್ಲ ಬಿಡಿ. ಗುಲಾಮರು ಬೆಳೆದ ಹತ್ತಿಯಲ್ಲಿ ನ್ಯೂಯಾರ್ಕ್ ವ್ಯಾಪಾರಿಗಳೂ ಚೆನ್ನಾಗಿ ದುಡ್ಡು ಮಾಡಿದರು.

ವಾದ ಮುಂದುವರಿಸಿ. ಫಾರ್ವರ್ಡ್ ಮಾತ್ರ ನಿಲ್ಲಿಸಿ. ರಾತ್ರಿ ಹನ್ನೊಂದರ ಮೇಲೆ ವಾಯ್ಸ್ ಮೆಸೇಜೂ ಬೇಡ.